ಇಪ್ಪತ್ತಾರು ಪಾದ

ಆಗಸ್ಟ್ ೧೧

ಕಡ್ಡಿ,

ಹತ್ತೊಂಬತ್ತು ವರ್ಷದ ಮೇಲೆ ಈ ಹೆಸರಿನಿಂದ ಕರೆದರೆ ನಿನಗೆ ಕೋಪ ಬರಬಹುದು. ಬರಲಿ. ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಕಾಗದವಾದರೆ ಹರಿದು ಹಾಕುವುದಕ್ಕಾದರೂ ಕೈಗೆ ತೆಗೆದುಕೊಳ್ಳಬೇಕಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಬರುವ ಮಾರ್ಚಿಗೆ ನನಗೆ ನಿವೃತ್ತಿ. ಮೂವತ್ತೊಂದು ವರ್ಷ ಈ ಕಾಲೇಜಿನ ಹುಡುಗಿಯರನ್ನು ಓಡಿಸಿದ್ದೇನೆ, ಹಾರಿಸಿದ್ದೇನೆ, ಅವರ ಕೈಲಿ ಗುಂಡು ಎಸೆಸಿದ್ದೇನೆ. ಬಾಗಿಲ ಮೇಲಿನ ಫಲಕದಲ್ಲಿ ಇವತ್ತಿಗೂ ‘ಸಹಾಯಕ ತರಬೇತುದಾರರು’ ಎಂದೇ ಇದೆ. ಯಾರಿಗೆ ಸಹಾಯಕಿ ಎಂದು ಕೇಳಿದರೆ ಹೇಳುವವರಿಲ್ಲ. ಕೋಣೆಯೂ ಅದೇ, ಮೆಟ್ಟಿಲ ಕೆಳಗಿನದು, ನೆಟ್ಟಗೆ ನಿಂತರೆ ತಲೆಗೆ ಬಡಿಯುವಂಥದ್ದು. ಹತ್ತು ಹರ್ಡಲ್ ಇರಬೇಕಾದಲ್ಲಿ ಏಳಿವೆ. ಉಳಿದ ಮೂರರ ಜಾಗದಲ್ಲಿ ತರಗತಿಯ ಮುರುಕು ಬೆಂಚು ಇಟ್ಟು ಹಾರಿಸುತ್ತೇನೆ. ಟ್ರ್ಯಾಕ್ ನಮಗೆ ಸಿಗುವುದು ಬೆಳಿಗ್ಗೆ ಐದೂವರೆಯಿಂದ ಆರೂವರೆ. ಅಲ್ಲಿಂದಾಚೆ ಇಡೀ ದಿನ ಹುಡುಗರದು.

ನಿನ್ನ ಕಾಲದಲ್ಲಿ ಕ್ರೀಡಾ ವಿಭಾಗಕ್ಕೆ ಹೊಸದಾಗಿ ಮುಖ್ಯಸ್ಥರು ಬಂದಿದ್ದರಲ್ಲ, ಏನು ಕೇಳಿದರೂ ‘ಆಮೇಲೆ ನೋಡೋಣ’ ಅನ್ನುತ್ತಾರೆಂದು ನೀವೆಲ್ಲ ಅವರಿಗೆ ‘ಆಮೇಲೆ ಸಾಹೇಬರು’ ಎಂದು ಹೆಸರಿಟ್ಟಿದ್ದಿರಲ್ಲ, ಅವರೇ ಈಗಲೂ ಇದ್ದಾರೆ. ಜನ್ಮದಲ್ಲಿ ಮೊದಲ ಸಲ ಒಂದು ಗಡುವು ಹಾಕಿದ್ದಾರೆ. “ಜನವರಿ ಮೂವತ್ತೊಂದರ ಒಳಗೆ ಸರಿಯಾದೋರು ಯಾರೂ ಅರ್ಜಿ ಹಾಕ್ಲಿಲ್ಲ ಅಂದ್ರೆ, ಹುಡುಗೀರ ತಂಡಾನ ಹುಡುಗರ ಕೋಚ್‌ಗೇ ಒಪ್ಪಿಸಿಬಿಡೋಣ ಮೇಡಂ,” ಎಂದರು. ಹುಡುಗರ ಕೋಚ್ ಎಂದರೆ ಹುಡುಗಿಯರ ರಿಲೇ ಶುರುವಾದ ಕೂಡಲೇ ಊಟಕ್ಕೆ ಎದ್ದು ಹೋಗುವ ಮನುಷ್ಯ. ಅವನ ಕೈಗೆ ಬಿದ್ದರೆ ಎರಡು ವರ್ಷದಲ್ಲಿ ತಂಡ ಇರುವುದಿಲ್ಲ.

ಓಡಿದವಳು, ಕಲಿಸುವುದಕ್ಕೆ ಓದಿದವಳು, ಹುಡುಗಿಯರ ಜೊತೆ ಬೆಳಿಗ್ಗೆ ಐದೂವರೆಗೆ ನಿಲ್ಲುವವಳು, ಈ ಮೂರೂ ಇರುವುದು ನೀನೊಬ್ಬಳೇ. ಹಳೆಯದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಒಂದು ಅರ್ಜಿ ಹಾಕು.

ನಿನ್ನ ಮೇಡಂ
(ಬೆನ್ನ ಹಿಂದೆ ನೀವೆಲ್ಲ ‘ದೊಡ್ಡಕಾಲು’ ಅನ್ನುತ್ತಿದ್ದದ್ದು ನನಗೆ ಗೊತ್ತಿತ್ತು)


ಸೆಪ್ಟೆಂಬರ್ ೨೨

ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿ ತಿಂಗಳ ಮೇಲಾಯಿತು. ಹರಿಯಲಿಲ್ಲ.

ನಾನು ಹದಿನಾಲ್ಕು ವರ್ಷದಿಂದ ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್. ಮಗಳು ಏಳನೇ ತರಗತಿ. ನಮ್ಮ ಯಜಮಾನರು ನಿಮ್ಮ ಕಾಗದ ಓದಿ, “ಹೋಗೋದಾದ್ರೆ ಹೋಗು, ನಾವು ಹೇಗೋ ಹೊಂದಿಸ್ಕೋತೀವಿ,” ಎಂದರು. ಹಾಗಾಗಿ ಮನೆಯವರ ನೆಪ ಹೇಳುವಂತಿಲ್ಲ. ಅರ್ಜಿ ಹಾಕುವುದಿಲ್ಲ, ಅಷ್ಟೆ.

ಹಳೆಯದು ಎಂದಿರಿ. ಏನು ಎಂದು ಬರೆಯಲಿಲ್ಲ. ನಾನು ಬರೆಯುತ್ತೇನೆ. ಅಂತರ ಕಾಲೇಜು ಕೂಟದ ರಿಲೇ ಫೈನಲ್. ನಾಲ್ಕನೆಯವಳು ನಾನು. ಮೂರನೆಯವಳು ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ; ಆ ದಿನ ಎಲ್ಲರಿಗಿಂತ ಮುಂದೆ ಬಂದಿದ್ದಳು. ಬ್ಯಾಟನ್ ನನ್ನ ಕೈ ಸೇರುವ ಹೊತ್ತಿಗೆ ಅದು ಕೈ ಬದಲಾಗಿ ಮುಗಿಯಬೇಕಾದ ಗೆರೆ ದಾಟಿತ್ತು, ಒಂದು ಗೇಣು. ತಪ್ಪು ತೋರಿಸುವ ಬಾವುಟ ಎದ್ದಿತು. ಅದನ್ನು ನೋಡದೆ ಓಡಿ ನಾನು ಮೊದಲು ಮುಟ್ಟಿದೆ. ತಂಡ ಅನರ್ಹವಾಯಿತು.

ಮರುದಿನ ಮುಖ್ಯಸ್ಥರ ಕೋಣೆಯಲ್ಲಿ ನಾವು ನಾಲ್ವರೂ ಗೋಡೆಗೆ ಒರಗಿ ನಿಂತಿದ್ದೆವು. ಯಾರ ತಪ್ಪು ಎಂದು ಅವರು ಕೇಳಿದರು. ನೀವು ನನ್ನ ಕಡೆ ಬೆರಳು ತೋರಿಸಿ, “ಇವಳದೇ. ಗೆಳತಿ ಹತ್ತಿರ ಬರೋವರೆಗೂ ನಿಲ್ಲೋಕಾಗ್ಲಿಲ್ಲ ಇವಳಿಗೆ. ಆತುರಗಾರನಿಗೆ ಬುದ್ಧಿ ಮಟ್ಟ,” ಎಂದಿರಿ. ಆಮೇಲೆ ಕಾಲೇಜಿನಲ್ಲಿ ನನ್ನನ್ನು ಯಾರೂ ಕಡ್ಡಿ ಎಂದು ಕರೆಯಲಿಲ್ಲ. ಊಟದ ಸಾಲಿನಲ್ಲಿ ನಿಂತರೂ, “ನಿಧಾನ, ಆತುರ ಬೇಡ,” ಎಂದು ನಗುತ್ತಿದ್ದರು. ಗೆಳತಿ ಅದೇ ಸಂಜೆ ಕೋಣೆ ಬದಲಾಯಿಸಿದಳು. ನಾನು ಬೂಟು ನಿಮ್ಮ ಬಾಗಿಲ ಮುಂದೆ ಬಿಟ್ಟು ಬಂದೆ.

ಅಂಥ ಆತುರಗಾರ್ತಿಯ ಕೈಗೆ ತಂಡ ಕೊಡುವುದು ಒಳ್ಳೆಯದಲ್ಲ ಮೇಡಂ. ಬೇರೆ ಯಾರನ್ನಾದರೂ ನೋಡಿ.

ಇತಿ,
ನಿಮ್ಮ ಹಳೆಯ ನಾಲ್ಕನೆಯವಳು


ಅಕ್ಟೋಬರ್ ೯

ಕಡ್ಡಿ,

ನಿನ್ನ ಮೈ ನೋಡಿ ಆ ಹೆಸರಿಟ್ಟಿದ್ದೆ. ಈಗ ಕಡ್ಡಿ ಮುರಿದಂತೆ ಬರೆಯುವುದನ್ನೂ ಕಲಿತಿದ್ದೀಯ.

ಬೇರೆ ಯಾರನ್ನು ನೋಡಲಿ? ಯಾರಿದ್ದಾರೆ ಹೇಳು. ಈ ಕೆಲಸ ಏನೆಂದು ನಿನಗೆ ಗೊತ್ತಿಲ್ಲದ್ದಲ್ಲ. ಹೋದ ತಿಂಗಳು ಹುಡುಗರ ತಂಡ ಸೋತು ಬಂದದ್ದಕ್ಕೆ ಕಾಲೇಜಿನ ಪತ್ರಿಕೆಯಲ್ಲಿ ಎರಡು ಪುಟ ಬಂತು, ಫೋಟೋ ಸಮೇತ. ನಮ್ಮ ಹುಡುಗಿ ಜಾವೆಲಿನ್‌ನಲ್ಲಿ ಗೆದ್ದದ್ದು ‘ಇತರೆ’ ಎಂಬ ತಲೆಬರಹದ ಕೆಳಗೆ ಒಂದು ಸಾಲು, ಅದರಲ್ಲೂ ಹೆಸರು ತಪ್ಪು. ಆ ಕೂಟಕ್ಕೆ ಹೋಗುವಾಗ ಕಾಲೇಜಿನ ಬಸ್ಸು ಹುಡುಗರನ್ನು ತುಂಬಿಕೊಂಡು ಮುಂದೆ ಹೋಗಿತ್ತು. ನಾನೂ ಹುಡುಗಿಯೂ ಜಾವೆಲಿನ್ ಹಿಡಿದುಕೊಂಡು ಊರ ಬಸ್ಸು ಹತ್ತಿದೆವು. ಕಂಡಕ್ಟರ್ ಆ ಉದ್ದದ ಈಟಿಯನ್ನು ಮೇಲಿಂದ ಕೆಳಗೆ ನೋಡಿ, “ಇದನ್ನ ಕೂರಿಸ್ತೀರೋ, ನಿಲ್ಲಿಸ್ತೀರೋ?” ಎಂದ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಇಳಿದ ಮೇಲೆ ಸಿಟ್ಟು ಬಂತು.

ಈಗಿನ ರಿಲೇ ತಂಡದ ನಾಲ್ಕನೆಯವಳನ್ನು ನೋಡಬೇಕು ನೀನು. ಏನು ಹೇಳಿಕೊಟ್ಟರೂ “ಯಾಕೆ?” ಅನ್ನುತ್ತಾಳೆ. ಮಂಡಿ ಎತ್ತಿ ಓಡು ಅಂದರೆ ಯಾಕೆ, ನೀರು ಕುಡಿ ಅಂದರೆ ಯಾಕೆ. ಅವಳಿಗೆ ‘ಯಾಕೆ’ ಎಂದೇ ಹೆಸರು ಬಿದ್ದಿದೆ. ಹುಡುಗರ ಕೋಚಿಗೆ ಇಂಥ ಪ್ರಶ್ನೆ ಕೇಳಿದರೆ ಮಾರನೇ ದಿನವೇ ಮನೆಗೆ ಕಳಿಸುತ್ತಾನೆ. ಹದಿನೆಂಟು ವರ್ಷದವಳು, ನನ್ನ ಕೈಯಲ್ಲಿ ಹಾದುಹೋದವರಲ್ಲೆಲ್ಲ ಚುರುಕಾದವಳು. ನಿನ್ನೊಬ್ಬಳನ್ನು ಬಿಟ್ಟು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅದು ನನಗೂ ಗೊತ್ತು. ಮುಖ್ಯಸ್ಥರು ಆಗ ಹೊಸಬರು, ಬಂದದ್ದೇ ಹುಡುಗಿಯರ ತಂಡ ಮುಚ್ಚುವುದಕ್ಕೆ ನೆವ ಹುಡುಕುತ್ತಿದ್ದರು. ಆ ಕೋಣೆಯಲ್ಲಿ ಏನೋ ಒಂದು ಹೇಳಲೇಬೇಕಿತ್ತು, ಹೇಳಿದೆ. ಸಿಟ್ಟಿನಲ್ಲಿ ಬಂದ ಒಂದು ಮಾತನ್ನು ಹತ್ತೊಂಬತ್ತು ವರ್ಷ ಕಟ್ಟಿಕೊಂಡು ಕೂರುತ್ತಾರೆಯೇ? ಆ ದಿನದ ಬಗ್ಗೆ ಇನ್ನೊಂದು ವಿಷಯವೂ ಇದೆ. ಅದು ಕಾಗದದಲ್ಲಿ ಬರೆಯುವಂಥದ್ದಲ್ಲ, ನೀನು ಬಂದಾಗ ಹೇಳುತ್ತೇನೆ.

ಅರ್ಜಿಯ ನಮೂನೆ ಇದರ ಜೊತೆಗಿದೆ. ಎರಡು ಪ್ರತಿ ಇಟ್ಟಿದ್ದೇನೆ, ಒಂದನ್ನು ಹರಿದರೂ ಇನ್ನೊಂದಿರಲಿ ಎಂದು.

ಮೇಡಂ


ನವೆಂಬರ್ ೧೪

ಮೇಡಂ,

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆಯಬೇಡಿ. ನನ್ನದು ಒಂದೇ ಪ್ರಶ್ನೆ.

ರಿಲೇಯಲ್ಲಿ ಬ್ಯಾಟನ್ ತೆಗೆದುಕೊಳ್ಳುವವಳು ತಾನು ನಿಂತ ಜಾಗದಿಂದ ಹಿಂದಕ್ಕೆ, ಹಿಮ್ಮಡಿಗೆ ಬೆರಳು ತಾಗಿಸುತ್ತ, ತನ್ನ ಪಾದ ಎಣಿಸಿಕೊಂಡು ಹೋಗಿ ನೆಲಕ್ಕೆ ಒಂದು ತುಂಡು ಟೇಪ್ ಅಂಟಿಸುತ್ತಾಳೆ. ಬ್ಯಾಟನ್ ತರುವವಳು ಆ ಟೇಪ್ ದಾಟಿದ ಕ್ಷಣಕ್ಕೆ ಇವಳು ಹಿಂದೆ ನೋಡದೆ ಹೊರಟುಬಿಡಬೇಕು. ನಾನು ನನ್ನ ಶಾಲೆಯ ಮಕ್ಕಳಿಗೂ ಹೀಗೇ ಹೇಳಿಕೊಡುತ್ತೇನೆ. ನನಗೆ ಕಲಿಸಿದ್ದು ನೀವು. “ಕಣ್ಣನ್ನ ನಂಬಬೇಡ, ಟೇಪನ್ನ ನಂಬು,” ಅನ್ನುತ್ತಿದ್ದಿರಿ. ನನ್ನ ಅಳತೆ ಇಪ್ಪತ್ತಾರು ಪಾದ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

ಆ ದಿನ ಅದೇ ಹೊತ್ತಿಗೆ ನನ್ನ ಲಾಂಗ್ ಜಂಪ್‌ನ ಕೊನೆಯ ಸರದಿ ಇತ್ತು. ಹಾರಿ, ಮರಳು ಕೊಡವಿಕೊಂಡು ಟ್ರ್ಯಾಕಿಗೆ ಓಡಿ ಬಂದಾಗ ನನ್ನ ಟೇಪ್ ಅಂಟಿಸಿಯಾಗಿತ್ತು. ಗೆಳತಿ ಅದನ್ನು ದಾಟಿದಳು, ನಾನು ಹೊರಟೆ. ಅದಕ್ಕಿಂತ ಒಂದು ಉಸಿರು ಮೊದಲೂ ಅಲ್ಲ.

ಆ ಟೇಪ್ ಅಂಟಿಸಿದ್ದು ಯಾರು? ಎಣಿಸಿದ್ದು ಯಾರ ಪಾದ?

ಉತ್ತರ ಬರೆಯುವುದಿದ್ದರೆ ಮಾತ್ರ ಬರೆಯಿರಿ. ಹರ್ಡಲ್‌ಗಳ ಲೆಕ್ಕ ಬೇಡ.

ನಾಲ್ಕನೆಯವಳು


ಡಿಸೆಂಬರ್ ೨೦

ಕಡ್ಡಿ,

ನಾನು. ನನ್ನ ಪಾದ.

ಇಷ್ಟು ಬರೆಯುವುದಕ್ಕೆ ಐದು ವಾರ ಬೇಕಾಯಿತು. ನಾಲ್ಕು ಸಲ ಕೂತೆ, ನಾಲ್ಕು ಸಲವೂ ಹಾಳೆ ತುಂಬ ಮುಖ್ಯಸ್ಥರನ್ನೂ ಹುಡುಗರ ಕೋಚನ್ನೂ ಬೈದು ಎದ್ದೆ.

ನೀನು ಜಂಪ್‌ನಲ್ಲಿದ್ದೆ. ರಿಲೇಗೆ ಕರೆ ಬಂತು. ಟೇಪಿನ ಸುರುಳಿ ಹಿಡಿದುಕೊಂಡು ಓಡಿ ಹೋಗಿ, ನಿನ್ನ ಜಾಗದಿಂದ ಹಿಂದಕ್ಕೆ ಇಪ್ಪತ್ತಾರು ಎಣಿಸಿ ಅಂಟಿಸಿದೆ. ದಿನಾ ಅಭ್ಯಾಸದಲ್ಲಿ ನೀನೇ ಎಣಿಸುತ್ತಿದ್ದೆ, ನಾನು ಪಕ್ಕದಲ್ಲಿ ನಿಂತು ಸಂಖ್ಯೆ ಕೂಗುತ್ತಿದ್ದೆ ಅಷ್ಟೆ. ಸಂಖ್ಯೆ ನೆನಪಿತ್ತು, ಕಾಲು ಯಾರದೆಂದು ಮರೆತೆ. ನನ್ನ ಕಾಲಿನ ಅಳತೆಯ ಬೂಟು ಹೆಂಗಸರ ಅಂಗಡಿಯಲ್ಲಿ ಸಿಗುವುದಿಲ್ಲ. ಚಿಕ್ಕವಳಿದ್ದಾಗ ಅಕ್ಕಂದಿರು, “ನಮ್ಮನೇಲಿ ಎರಡು ದೋಣಿ ಇದೆ,” ಎಂದು ನಗುತ್ತಿದ್ದರು. ಅಂಥ ಕಾಲಿಟ್ಟುಕೊಂಡು ಮರೆತೆ.

ಮುಖ್ಯಸ್ಥರ ಕೋಣೆಯಲ್ಲಿ ನಿನ್ನ ಕಡೆ ಬೆರಳು ತೋರಿಸುವಾಗ ನನಗೆ ಇದು ಗೊತ್ತಿರಲಿಲ್ಲ. ನೀನೇ ಮೊದಲು ಹೊರಟೆ ಎಂದು ನಿಜವಾಗಿ ನಂಬಿದ್ದೆ. ಗೊತ್ತಾದದ್ದು ಆ ಸಂಜೆ, ಬಾಗಿಲ ಮುಂದಿದ್ದ ನಿನ್ನ ಬೂಟನ್ನು ಒಳಗಿಡಲು ಎತ್ತಿಕೊಂಡಾಗ. ನನ್ನ ಕಾಲ ಪಕ್ಕ ಇಟ್ಟು ನೋಡಿದೆ. ಮೂರು ಸೆಂಟಿಮೀಟರ್ ವ್ಯತ್ಯಾಸ. ಇಪ್ಪತ್ತಾರು ಸಲ ಮೂರು ಎಷ್ಟು ಎಂದು ಬೆರಳು ಮಡಿಸಿದೆ: ಎಪ್ಪತ್ತೆಂಟು. ಟೇಪ್ ಅಷ್ಟು ಹಿಂದೆ ಇತ್ತು. ಅವಳಿನ್ನೂ ಅಷ್ಟು ದೂರ ಇರುವಾಗಲೇ ನಿನ್ನನ್ನು ಹೊರಡಿಸಿದವಳು ನಾನು. ಗೇಣುದ್ದಕ್ಕೆ ತಂಡ ಹೋಯಿತು.

ಆಗಲೇ ಬರಬೇಕಿತ್ತು ನಿನ್ನ ಹತ್ತಿರ. ಬಂದೆ ಕೂಡ, ಹಾಸ್ಟೆಲಿನ ಗೇಟಿನವರೆಗೆ. ನೀನು ಮೇಲಿನ ಮಹಡಿಯ ಕಟ್ಟೆಗೆ ಒರಗಿ ಒಬ್ಬಳೇ ನಿಂತಿದ್ದೆ. ಆಮೇಲೆ ಹೇಳೋಣ ಎಂದುಕೊಂಡು ತಿರುಗಿದೆ. ಕೋಚ್‌ದೇ ತಪ್ಪು ಎಂದು ಗೊತ್ತಾದರೆ ತಂಡ ಮುಚ್ಚುತ್ತಾರೆ, ಉಳಿದ ಹುಡುಗಿಯರ ಗತಿಯೇನು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದ ಅರ್ಧ ಹೆದರಿಕೆ. ಅಷ್ಟರಲ್ಲಿ ನೀನು ಓಟ ಬಿಟ್ಟೆ, ಪರೀಕ್ಷೆ ಮುಗಿಸಿ ಹೊರಟುಹೋದೆ. ಇನ್ನೊಬ್ಬರಿಗೆ ‘ಆಮೇಲೆ’ ಎಂಬ ಹೆಸರು ಹಿಡಿದು ನಗುತ್ತಿದ್ದೇನೆ, ನೋಡು.

ಬೂಟು ನನ್ನ ಕಪಾಟಿನಲ್ಲೇ ಇದೆ. ಇನ್ನು ಅರ್ಜಿಯ ಮಾತು ಎತ್ತುವುದಿಲ್ಲ.

ಮೇಡಂ


ಜನವರಿ ೫

ಮೇಡಂ,

ನನಗೆ ಗೊತ್ತಿತ್ತು. ಹನ್ನೊಂದು ವರ್ಷದಿಂದ ಗೊತ್ತು.

ಶಾಲೆಗೆ ಸೇರಿದ ಮೂರನೇ ವರ್ಷ, ಮಕ್ಕಳ ರಿಲೇ. ಪುಟ್ಟ ಹುಡುಗಿಯೊಬ್ಬಳು ಮೊದಲೇ ಹೊರಟುಬಿಟ್ಟಳು, ಬ್ಯಾಟನ್ ಗೆರೆಯಾಚೆ ಸಿಕ್ಕಿತು. ನನಗೆ ಮೈ ಉರಿದುಹೋಯಿತು. “ಅಷ್ಟೇನೇ ಆತುರ ನಿಂಗೆ?” ಎಂದು ಕೈ ಎತ್ತಿಕೊಂಡೇ ಹೋದೆ. ಅವಳು ಅಳುತ್ತಾ, “ಟೀಚರ್, ನಾನು ಟೇಪ್ ನೋಡ್ಕೊಂಡೇ ಓಡಿದ್ದು. ಅಕ್ಕ ಹಾಕ್ಕೊಟ್ಟಿದ್ದು,” ಎಂದು ಪಕ್ಕದಲ್ಲಿದ್ದ ಹತ್ತನೇ ತರಗತಿಯ ಉದ್ದ ಹುಡುಗಿಯನ್ನು ತೋರಿಸಿದಳು. ಇಬ್ಬರ ಕಾಲನ್ನೂ ನೋಡಿದೆ. ಅಲ್ಲೇ ಟ್ರ್ಯಾಕ್ ಮೇಲೆ ಕೂತುಬಿಟ್ಟೆ. ಮಕ್ಕಳು ಬಿಸಿಲಿಗೆ ತಲೆ ಸುತ್ತು ಬಂತೆಂದು ನೀರು ತಂದರು.

ಅವತ್ತಿನಿಂದ ನೀವು ಹೇಳುತ್ತೀರೆಂದು ಕಾದೆ. ಫೋನ್ ಎತ್ತದಿದ್ದದ್ದು ಕೋಪಕ್ಕಲ್ಲ. ಎತ್ತಿದರೆ ನೀವು ಬೇರೆ ಏನೋ ಮಾತಾಡಿ ಇಟ್ಟುಬಿಡುತ್ತೀರಿ ಎಂಬ ಭಯ. ಮೊದಲ ಕಾಗದದಲ್ಲಿ ಹಾಗೇ ಮಾಡಿದಿರಿ.

ಈಗ ಬರೆದಿದ್ದೀರಿ. ಓದಿ ಅತ್ತೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇದು ಸಾಲದು ಮೇಡಂ. ನಾಲ್ಕು ಜನರ ಎದುರು ಆಡಿದ ಮಾತನ್ನು ನನ್ನೊಬ್ಬಳ ಕಿವಿಯಲ್ಲಿ ವಾಪಸು ತೆಗೆದುಕೊಂಡರೆ ಆಯಿತೇ? ಮುಖ್ಯಸ್ಥರು ಇನ್ನೂ ಅದೇ ಕುರ್ಚಿಯಲ್ಲಿದ್ದಾರೆ. ಆ ಮೂವರೂ ಎಲ್ಲೋ ಇದ್ದಾರೆ. ನನ್ನ ಗೆಳತಿಗೆ ನಾನು ಇವತ್ತಿಗೂ ಅವಳನ್ನು ಬಿಟ್ಟು ಓಡಿದವಳೇ. ಆ ಕಾಲೇಜಿನ ಮೆಟ್ಟಿಲು ನಾನು ಆತುರಗಾರ್ತಿಯಾಗಿ ಹತ್ತುವುದಿಲ್ಲ. ತಂಡ ಮುಚ್ಚಿದರೆ ಮುಚ್ಚಲಿ.

ಹೀಗೆ ಬರೆಯುವುದಕ್ಕೆ ನನಗೂ ಸಂಕಟವಾಗುತ್ತದೆ. ಆ ‘ಯಾಕೆ’ ಎಂಬವಳ ಬಗ್ಗೆ ನೀವು ಬರೆಯಬಾರದಿತ್ತು.

ನಾಲ್ಕನೆಯವಳು


ಜನವರಿ ೨೪

ಕಡ್ಡಿ,

ಮೊದಲು ಮುಖ್ಯಸ್ಥರ ಕೋಣೆಗೆ ಹೋದೆ. ನಿಂತೇ ಹೇಳಿದೆ. “ಹತ್ತೊಂಬತ್ತು ವರ್ಷದ ಹಿಂದಿನ ರಿಲೇನಾ ಮೇಡಂ? ಈಗ ಮೀಟಿಂಗ್ ಇದೆ, ಆಮೇಲೆ ಮಾತಾಡೋಣ,” ಎಂದರು. ಮಾರನೇ ದಿನ ಹೋದೆ, ಆಮೇಲೆ. ಮೂರನೇ ದಿನವೂ ಆಮೇಲೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ನಿನ್ನೆ ವಾರ್ಷಿಕ ಕ್ರೀಡಾದಿನ. ನನ್ನ ಬೀಳ್ಕೊಡುಗೆಯನ್ನೂ ಅದರಲ್ಲೇ ಮುಗಿಸಿಬಿಡುವ ಏರ್ಪಾಡು, ಬಹುಮಾನ ವಿತರಣೆಗೂ ವಂದನಾರ್ಪಣೆಗೂ ನಡುವೆ ಐದು ನಿಮಿಷ. ಮೈಕ್ ಕೈಗೆ ಬಂದ ಕೂಡಲೇ ಹೇಳಿದೆ: ಇಂಥ ವರ್ಷ, ಇಂಥ ರಿಲೇ, ತಪ್ಪು ಅಳತೆ ನನ್ನದು, ಹುಡುಗಿಯದಲ್ಲ. ಸಭೆ ಚಪ್ಪಾಳೆ ತಟ್ಟಿತು, ಕಡ್ಡಿ. ಮುಖ್ಯಸ್ಥರು ಇನ್ನೊಂದು ಮೈಕ್ ಹಿಡಿದು, “ಇದೇ ನೋಡಿ ದೊಡ್ಡತನ ಅಂದ್ರೆ. ಶಿಷ್ಯೆ ಮಾಡಿದ ತಪ್ಪನ್ನೂ ತಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದಾರೆ,” ಎಂದರು. ಮತ್ತೆ ಚಪ್ಪಾಳೆ. ಮೂವತ್ತೊಂದು ವರ್ಷ ಗೆದ್ದಾಗ ತಟ್ಟದವರು ಸುಳ್ಳಿಗೆ ಕೈ ನೋಯುವಷ್ಟು ತಟ್ಟಿದರು. ನನಗೆ ಅಲ್ಲೇ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಚೀಲದಲ್ಲಿ ನಿನ್ನ ಬೂಟು ತಂದಿದ್ದೆ. ತೆಗೆದು ಮೇಜಿನ ಮೇಲೆ, ಹೂಗುಚ್ಛದ ಪಕ್ಕ ಇಟ್ಟೆ. ಆಮೇಲೆ ಬಗ್ಗಿ ನನ್ನ ಕಾಲಿನದನ್ನು ಬಿಚ್ಚಿ ಅದರ ಪಕ್ಕ ಇಟ್ಟೆ. ಮುಖ್ಯ ಅತಿಥಿಗಳು ಕುರ್ಚಿ ಹಿಂದೆ ಸರಿಸಿಕೊಂಡರು. “ಇದು ಅವಳದು, ಇದು ನನ್ನದು. ಇಪ್ಪತ್ತಾರು ಸಲ ಎಣಿಸಿ ನೋಡಿ,” ಎಂದೆ.

ಆಗ ನಮ್ಮ ‘ಯಾಕೆ’ ಎದ್ದು ನಿಂತಳು. “ಮೇಡಂ, ಹಾಗಾದ್ರೆ ಆ ಅಕ್ಕಂಗೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ಹೆದರಿಕೆ ಆಯ್ತು,” ಎಂದೆ.

“ಇಷ್ಟು ವರ್ಷಾನಾ?”

“ಹೂಂ. ಇಷ್ಟು ವರ್ಷಾನೂ.”

ಅವಳು ಕೂತಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಒಂದು ಕೈಯಲ್ಲಿ ನಿನ್ನ ಬೂಟು, ಇನ್ನೊಂದರಲ್ಲಿ ನನ್ನದು ಹಿಡಿದು ಬರಿಗಾಲಲ್ಲಿ ಇಳಿದು ಬಂದೆ. ಹೂಗುಚ್ಛ ಅಲ್ಲೇ ಉಳಿಯಿತು.

ಆ ಮೂವರಿಗೂ ಹತ್ತು ದಿನದ ಹಿಂದೆಯೇ ಬರೆದಿದ್ದೆ. ಮೊದಲನೆಯವಳು ಆಸ್ಪತ್ರೆಯಲ್ಲಿ ನರ್ಸ್. ‘ಓದಿದೆ, ಬೇಜಾರಾಯಿತು’ ಎಂದು ಎರಡು ಸಾಲು ಬರೆದಳು. ಎರಡನೆಯವಳ ಕಾಗದ ವಿಳಾಸ ತಪ್ಪೆಂದು ಹಿಂದೆ ಬಂತು; ಹೊಸ ವಿಳಾಸ ಹುಡುಕುತ್ತಿದ್ದೇನೆ. ನಿನ್ನ ಗೆಳತಿಯಿಂದ ಉತ್ತರವಿಲ್ಲ. ಕಾಗದ ತಲುಪಿರುವುದು ಮಾತ್ರ ಖಂಡಿತ.

ಗಡುವಿಗೆ ಇನ್ನು ಏಳು ದಿನ. ಅರ್ಜಿಯ ಮಾತು ಎತ್ತುವುದಿಲ್ಲ ಎಂದಿದ್ದೆ, ಎತ್ತಿಬಿಟ್ಟೆ.

ಮೇಡಂ


ಮಾರ್ಚ್ ೧೮

ಮೇಡಂ,

ಅರ್ಜಿಯನ್ನು ಜನವರಿ ಇಪ್ಪತ್ತೊಂಬತ್ತಕ್ಕೇ ಕೊರಿಯರ್‌ನಲ್ಲಿ ಕಳಿಸಿದೆ. ನಿಮಗೆ ತಿಳಿಸಲಿಲ್ಲ. ಮುಖ್ಯಸ್ಥರು ‘ಆಮೇಲೆ ತಿಳಿಸಲಾಗುವುದು’ ಎಂದು ಬರೆದರು. ಮೂರು ಸಲ ಫೋನ್ ಮಾಡಿದ ಮೇಲೆ ನಿನ್ನೆ ಆದೇಶ ಬಂತು: ಒಂದು ವರ್ಷಕ್ಕೆ, ತಾತ್ಕಾಲಿಕ, ‘ಸಹಾಯಕ ತರಬೇತುದಾರರು’. ಮೆಟ್ಟಿಲ ಕೆಳಗಿನ ಕೋಣೆಯೂ ನನಗೇ ಇರಬೇಕು. ಓದಿ ನಗು ಬಂತು, ಸಿಟ್ಟೂ ಬಂತು. ಒಪ್ಪಿಕೊಂಡಿದ್ದೇನೆ.

ಗೆಳತಿ ಫೆಬ್ರವರಿಯಲ್ಲಿ ಫೋನ್ ಮಾಡಿದಳು. ಗೊತ್ತಿಲ್ಲದ ನಂಬರ್, ಅದಕ್ಕೇ ಎತ್ತಿದೆ. ಅವಳು, “ನಾನು ನಿಲ್ಲೇ ನಿಲ್ಲೇ ಅಂತ ಕೂಗ್ತಾನೇ ಇದ್ದೆ ಕಣೇ, ನಿಂಗೆ ಕೇಳಿಸ್ಲೇ ಇಲ್ವಾ?” ಎಂದಳು. ಕೇಳಿಸಿತ್ತು ಎಂದೆ. ಟೇಪನ್ನು ನಂಬು ಎಂದು ನೀವು ಹೇಳಿದ್ದಿರಿ, ನಂಬಿದೆ.

ನಾನು ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಆಗ ನನಗೆ ಇಪ್ಪತ್ತು ವರ್ಷ. ಇನ್ನೂ ಏಳೆಂಟು ವರ್ಷ ಓಡಬಹುದಿತ್ತು. ಅದನ್ನು ಯಾರ ಪಾದದಿಂದಲೂ ಅಳೆಯಲು ಆಗುವುದಿಲ್ಲ. ಎಲ್ಲರ ಮುಂದೆ ಬರಿಗಾಲಲ್ಲಿ ನಿಂತಿರಲ್ಲ, ಆ ಚಿತ್ರವೂ ಮನಸ್ಸಿನಿಂದ ಹೋಗುವುದಿಲ್ಲ. ಎರಡೂ ಇರುತ್ತವೆ, ಏನು ಮಾಡುವುದು.

ಏಪ್ರಿಲ್ ಒಂದಕ್ಕೆ ಬೆಳಿಗ್ಗೆ ಐದೂವರೆಗೆ ಟ್ರ್ಯಾಕಿಗೆ ಬನ್ನಿ. ನನ್ನ ಬೂಟು ತನ್ನಿ. ಈಗ ಕಾಲಿಗೆ ಹಿಡಿಸಲಾರದು, ಕೈಯಲ್ಲಿ ಹಿಡಿದು ನೆಲಕ್ಕಿಡುತ್ತಲೇ ಇಪ್ಪತ್ತಾರು ಎಣಿಸಿ ಟೇಪ್ ನಾನೇ ಅಂಟಿಸುತ್ತೇನೆ. ಗೆಳತಿಯೂ ಬರುತ್ತಾಳೆ. ಅವಳಿಗೆ ಮಂಡಿ ನೋವು, ಬ್ಯಾಟನ್ ಹಿಡಿದು ನಡೆದುಕೊಂಡೇ ಬರುತ್ತಾಳಂತೆ. ‘ಯಾಕೆ’ ಮತ್ತು ಉಳಿದ ಹುಡುಗಿಯರು ನೋಡಲಿ. ಎಷ್ಟು ಹೊತ್ತಾದರೂ ಸರಿ, ಅವಳು ಆ ಟೇಪ್ ದಾಟುವವರೆಗೆ ನಾನು ನಿಂತೇ ಇರುತ್ತೇನೆ.

ನೀವು ಬಾವುಟ ಹಿಡಿದು ಗೆರೆಯ ಹತ್ತಿರ ನಿಲ್ಲಿ. ನೋಡಿ, ನಾನು ಬೇಗ ಹೊರಟೆ ಅನ್ನಿಸಿದರೆ ಎತ್ತಿ.

ನಿಮ್ಮ
ಕಡ್ಡಿ